ಆರಿಸಿದ ಮಣ್ಣು

ಆ ಬಾಟಲಿಯ ಮುಚ್ಚಳ ತೆಗೆಯದೇ ಇದ್ದಿದ್ದರೆ ಅವನ ಮಂಗಳವಾರ ಉಳಿದ ಮಂಗಳವಾರಗಳ ಹಾಗೇ ಕಳೆದುಹೋಗುತ್ತಿತ್ತು. ತೆಗೆಯಬೇಕಾದ ಜರೂರೇನೂ ಇರಲಿಲ್ಲ. ಮೂರು ವರ್ಷದ ಕೆಲಸ ಮುಗಿದಿತ್ತು. ಕೊನೆಯ ಕಂತಿನ ಮಣ್ಣನ್ನು ಜರಡಿ ಹಿಡಿದು ಕೊಟ್ಟು ತಿಂಗಳಾಗಿತ್ತು, ವರದಿ ಸಿದ್ಧವಾಗಿ ಪ್ರಯೋಗಾಲಯದ ಮೇಡಂ ಮೇಜಿನ ಮೇಲೆ ಕೂತಿತ್ತು. ಮಧ್ಯಾಹ್ನ ಮೂರು ಗಂಟೆಯೊಳಗೆ ಒಂದು ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ ಅವನ ಪಾಲಿನ ಋಣ ತೀರಿತು. ಅಷ್ಟರೊಳಗೆ ಕಪಾಟು ಖಾಲಿ ಮಾಡಿಬಿಡೋಣವೆಂದು ಕಿಟಕಿಯ ಪಕ್ಕದ ಎರಡು ಗಾಜಿನ ಬಾಟಲಿಗಳನ್ನು ಇಳಿಸಿದ. ಮೊದಲನೆಯದರಲ್ಲಿ, ಕಳೆ ಬಾರದಂತೆ ಗಿಡದ ಬುಡಕ್ಕೆ ಹಾಸುವ ಮಾಮೂಲಿ ಪ್ಲಾಸ್ಟಿಕ್ ಹೊದಿಕೆಯ ಕರಿಯ ಚೂರುಗಳು. ಮುಚ್ಚಳ ಸಲೀಸಾಗಿ ಬಂತು, ಚೂರುಗಳು ಹಾಕಿದಾಗ ಹೇಗಿದ್ದವೋ ಹಾಗೇ ಮಿಣಮಿಣ ಎನ್ನುತ್ತಿದ್ದವು. ಎರಡನೆಯದರಲ್ಲಿ ಇನ್ನೊಂದು ಜಾತಿಯ ಹಾಳೆಯ ಚೂರುಗಳು. ಬೆಳೆ ಮುಗಿದ ಮೇಲೆ ಉತ್ತುಬಿಟ್ಟರೆ ಮಣ್ಣಲ್ಲಿ ಮಣ್ಣಾಗುತ್ತದೆ ಎನ್ನುತ್ತಾರಲ್ಲ, ಆ ಹಾಳೆ. ಅದರ ಮುಚ್ಚಳ ಕಚ್ಚಿಕೊಂಡಿತ್ತು. ಬಟ್ಟೆ ಸುತ್ತಿ ತಿರುಗಿಸಿದಾಗ ಒಳಗಿಂದ ಸಣ್ಣಗೆ ಉಸಿರು ಬಿಟ್ಟ ಹಾಗೆ ಸದ್ದಾಯಿತು, ಅದರ ಹಿಂದೆಯೇ ಮಣ್ಣಿನ ವಾಸನೆ. ಅವನು ಬಾಟಲಿಯನ್ನು ಬೆಳಕಿಗೆ ಹಿಡಿದ. ಚೂರುಗಳ ಮೇಲೆ, ಚೂರು ಚೂರಿನ ನಡುವೆ, ಬೂದು ಬಣ್ಣದ ನೂಲಿನಂಥದ್ದು ಹೆಣೆದುಕೊಂಡು ಎಲ್ಲವನ್ನೂ ಒಂದೇ ಮುದ್ದೆ ಮಾಡಿತ್ತು. ಒಳಗೆ ಮಣ್ಣು ಇರಲಿಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲ. ಒಂದೊಂದು ಚೂರನ್ನೂ ಬಾಟಲಿಗೆ ಹಾಕುವ ಮುಂಚೆ ಸಣ್ಣ ಕುಂಚದಿಂದ ಒರೆಸಿ, ಅಂಟಿದ್ದ ಮಣ್ಣಿನ ಕಣವನ್ನೆಲ್ಲ ಮಾದರಿಗೇ ಉದುರಿಸಿ, ಆಮೇಲೇ ಹಾಕಿದ್ದು. ಮಣ್ಣಿಲ್ಲದ ಬಾಟಲಿಗೆ ಮಣ್ಣಿನ ವಾಸನೆ ಎಲ್ಲಿಂದ ಬಂತು? ಮತ್ತೆ ಮೂಸಿದ. ಆಮೇಲೆ, ಯಾರಾದರೂ ನೋಡಿಯಾರು ಎನ್ನುವಂತೆ ಬಾಗಿಲ ಕಡೆ ತಿರುಗಿ, ಮುಚ್ಚಳ ಬಿಗಿಮಾಡಿದ.

ಜರಡಿ ಕೋಣೆ ಎಂದರೆ ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಒಂದು ಕಲ್ಲಿನ ಕಟ್ಟೆ, ಒಂದು ತಕ್ಕಡಿ, ಮೊಳೆಗೆ ನೇತುಹಾಕಿದ ಐದು ಹಿತ್ತಾಳೆ ಜರಡಿ. ಕೃಷಿ ಸಂಶೋಧನಾ ಕೇಂದ್ರದ ಹಿಂದಿನ ಹೊಲದಲ್ಲಿ ಪ್ರಯೋಗದ ತಾಕುಗಳು. ಕೆಲವಕ್ಕೆ ಪ್ಲಾಸ್ಟಿಕ್ ಹೊದಿಕೆ, ಕೆಲವಕ್ಕೆ ಮಣ್ಣಾಗುವ ಹಾಳೆ, ಉಳಿದವು ಬರಿಮೈ. ಪ್ರತಿ ಕಂತಿನಲ್ಲೂ ತಾಕಿನ ಮಣ್ಣು ತರುವುದು, ಬೇರು ಕಲ್ಲು ತೆಗೆಯುವುದು, ಜರಡಿ ಹಿಡಿದು ಒಳಗೆ ಕೊಡುವುದು ಅವನ ಕೆಲಸ. ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವ ಎಷ್ಟಿದೆ, ಯಾವ ಯಾವುದಿದೆ ಎಂದು ಲೆಕ್ಕ ಹಾಕುವುದು ಮೇಡಂ ಕೆಲಸ. ಅವನ ಕೈಯಿಂದ ಹೋದ ಮಣ್ಣನ್ನು ನೋಡಿದವರು ಹಿಟ್ಟು ಎಂದುಕೊಳ್ಳಬೇಕು, ಹಾಗಿರುತ್ತಿತ್ತು. ಹಾಳೆಯ ಚೂರುಗಳನ್ನಂತೂ ಉಗುರಿನ ಅಂಚಿನಷ್ಟು ಸಣ್ಣದಿದ್ದರೂ ಬಿಡುತ್ತಿರಲಿಲ್ಲ. ಅದಕ್ಕೇ ಬೆನ್ನ ಹಿಂದೆ ಅವನಿಗೆ ಚಿಮಟ ಎಂದು ಹೆಸರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಈಗ ಕಟ್ಟೆಯ ಮೇಲಿದ್ದ ಕಾಗದ ಹೇಳುತ್ತಿತ್ತು: ಮಾದರಿಗಳನ್ನು ನಿಗದಿತ ಕ್ರಮದಂತೆ ಸಿದ್ಧಪಡಿಸಲಾಗಿದೆ. ವರದಿಯ ಕೊನೆಯ ಸಾಲು ಅವನಿಗೆ ಬಾಯಿಪಾಠವಾಗಿತ್ತು, ಟೈಪಾಗಿ ಬಂದ ದಿನವೇ ಓದಿದ್ದ: ಮಣ್ಣಾಗುವ ಹಾಳೆಯಿಂದ ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಗಮನಿಸುವಂಥ ವ್ಯತ್ಯಾಸ ಕಂಡುಬಂದಿಲ್ಲ. ಹೇಗೆ ಕಂಡುಬಂದೀತು? ಅವು ಕೂತಿದ್ದೇ ಚೂರಿನ ಮೇಲಾದರೆ? ಮನೆಯವರನ್ನೆಲ್ಲ ಹಿಂಬಾಗಿಲಿನಿಂದ ಆಚೆ ಕಳಿಸಿ, ಮುಂಬಾಗಿಲಿಗೆ ಬಂದು ತಟ್ಟಿ, ಮನೆಯಲ್ಲಿ ಹೊಸಬರು ಯಾರೂ ಇಲ್ಲ ಎಂದು ಬರೆದುಕೊಂಡ ಹಾಗಾಯಿತಲ್ಲ. ಅಥವಾ ಹಾಗೇನೂ ಅಲ್ಲವೋ. ಬಾಟಲಿಯಲ್ಲಿ ಮುಚ್ಚಿಟ್ಟದ್ದಕ್ಕೆ ಬೂಷ್ಟು ಬಂದಿದೆ, ಮುಚ್ಚಿಟ್ಟ ಬ್ರೆಡ್ಡಿಗೆ ಬರುವುದಿಲ್ಲವೇ, ಅದಕ್ಕೇಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು. ಆದರೆ ಪಕ್ಕದ ಬಾಟಲಿಗೂ ಮುಚ್ಚಳವಿತ್ತಲ್ಲ. ಅವನು ಓದಿದ್ದು ಅಷ್ಟಕ್ಕಷ್ಟೆ. ತನಗೆ ಅನ್ನಿಸಿದ್ದು ಅನ್ನಿಸಿಕೆಯೋ ತಿಳುವಳಿಕೆಯೋ ಎಂದು ಗೊತ್ತಾಗದೆ ಅವನು ಆ ಸಾಲನ್ನೇ ಮನಸ್ಸಿನಲ್ಲಿ ಹಿಂದುಮುಂದಾಗಿ ಓದಿಕೊಂಡ.

ಆರಿಸುವುದು ಅವನ ಕೈಗೆ ಹತ್ತಿದ್ದು ಏಳನೆಯ ವಯಸ್ಸಿನಲ್ಲಿ. ಬೇಳೆಯಲ್ಲಿ ಕಲ್ಲು ಆರಿಸುವುದು ಅಕ್ಕನ ಪಾಲಿನ ಕೆಲಸವಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪನ ಹಲ್ಲಿಗೆ ಕಲ್ಲು ಸಿಕ್ಕಿ ಕಟಕ್ಕೆಂದಿತು. ಅಮ್ಮ ಎದ್ದು ಬಂದು ಅಕ್ಕನ ಬೆನ್ನಿಗೆ ಒಂದು ಬಿಟ್ಟಳು. ಅಕ್ಕ ಅಳಲಿಲ್ಲ, ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡೇ ಎದ್ದಳು. ಮಾರನೆಯ ದಿನದಿಂದ ತಟ್ಟೆ ಅವನ ಮುಂದೆ ಬಂತು. ಇವನ ಕಣ್ಣು ಚುರುಕು, ಇವನೇ ಆರಿಸಲಿ, ಎಂದಳು ಅಮ್ಮ. ಅಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು, ಅವನು ಒಂದೊಂದು ಕಲ್ಲು ಸಿಕ್ಕಾಗಲೂ ಅವಳಿಗೆ ಕಾಣುವ ಹಾಗೆ ಎತ್ತಿ ನೆಲಕ್ಕೆ ಹಾಕುತ್ತಿದ್ದ.  ಮೊಸರಲ್ಲಿ ಕಲ್ಲು ಹುಡುಕೋರಿಗೆ ನನ್ನ ಕೊಟ್ಟುಬಿಟ್ರು ಎಂದು ಹೆಂಡತಿ ಮದುವೆಯಾದ ಲಾಗಾಯ್ತಿನಿಂದ ಹೇಳಿಕೊಂಡು ಬಂದಿದ್ದಾಳೆ, ಅದು ಈಗ ದೂರು ಎನಿಸುವುದಿಲ್ಲ, ಮನೆಯ ಗಡಿಯಾರದ ಸದ್ದಿನ ಹಾಗೆ ಆಗಿಬಿಟ್ಟಿದೆ.

ಹನ್ನೊಂದಕ್ಕೆ ಫೋನು ಬಂತು. ಅಕ್ಕನದು. ಅವಳು ಹೊಲದಲ್ಲಿ ನಿಂತು ಮಾತಾಡುತ್ತಾಳೆ, ಗಾಳಿಯ ಸದ್ದೂ ಜೊತೆಗೇ ಬರುತ್ತದೆ.

"ಬಿಡುವಾಗಿದ್ದೀಯೇನೋ? ಹಾಳೆ ಹಾಸೋ ಗಾಡಿಯವನು ನಾಲ್ಕು ಗಂಟೆಗೆ ಬರ್ತಾನೆ. ಸೌತೆ ಸಸಿ ಟ್ರೇನಲ್ಲಿ ಉದ್ದ ಆಗ್ತಾ ಇವೆ. ಆ ಮಣ್ಣಾಗೋ ಹಾಳೆ ಸುರುಳಿ ಅಂಗಳದಲ್ಲಿ ಬಿದ್ದಿದೆ. ಹಾಸಲಾ, ಬೇಡ್ವಾ?"

"ಯಾಕೆ, ಏನಾಯ್ತು?"

"ಏನಾಯ್ತು ಅಂದ್ರೆ? ಹೋದ ಸಲಾನೇ ಹೇಳಿದ್ನಲ್ಲ. ಹಳೇ ಹಾಳೆ ಉತ್ತ ಕಡೆಯೆಲ್ಲ ಗಿಡ ಹಳದಿ ತಿರುಗಿದ್ವು. ಉಳಿದ ಕಡೆ ಚೆನ್ನಾಗೇ ಇತ್ತು. ನೀರು ಜಾಸ್ತಿ ಆಗಿರ್ಬೇಕು ಅಂದೆ ನೀನು. ನೀರು ಎಲ್ಲಾ ಕಡೆ ಒಂದೇ ಬಿಟ್ಟಿದ್ದು ಕಣೋ."

"ನಮ್ಮ ಲೆಕ್ಕದಲ್ಲಿ ವ್ಯತ್ಯಾಸ ಬಂದಿಲ್ಲ ಅಕ್ಕ."

"ಅದೇ ಕೇಳ್ತಾ ಇರೋದು. ಬಂದಿಲ್ಲ ಅಂತ ಗಟ್ಟಿಯಾಗಿ ಹೇಳ್ತೀಯಾ? ಹೇಳಿದ್ರೆ ಹಾಸ್ತೀನಿ. ಈ ಸಲಾನೂ ಹಳದಿ ಬಿದ್ರೆ ಮುಂದಿನ ವರ್ಷ ನನ್ನ ಕೈಲಿ ಹೊಲ ಮಾಡೋಕಾಗಲ್ಲ, ಸೊಸೆ ಈಗಾಗ್ಲೇ ಬೇರೆಯವರಿಗೆ ಕೊಟ್ಟುಬಿಡಿ ಅಂತಿದ್ದಾಳೆ."

ಅವನ ಕಣ್ಣು ಬಾಟಲಿಯ ಮೇಲಿತ್ತು. ಮೂರು ಗಂಟೆಯ ಮೇಲೆ ಹೇಳ್ತೀನಿ, ಎಂದ. ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು, ಅಕ್ಕನಿಗೂ ಅದು ತಿಳಿಯಿತು.

"ಸರಿ. ಭಾನುವಾರ ಹೇಗೂ ಬರ್ತೀಯಲ್ಲ," ಎಂದು ಇಟ್ಟಳು. ಅವಳು ದನಿ ಏರಿಸಿದ್ದರೆ ಸುಲಭವಿತ್ತು. ಏರಿಸಲಿಲ್ಲ. ಅವಳ ಮಗ ಆ ಹಾಳೆ ಬೇಡವೆಂದಿದ್ದ, ಪ್ಲಾಸ್ಟಿಕ್ಕೇ ವಾಸಿ, ಬೆಳೆ ಮುಗಿದ ಮೇಲೆ ಎಳೆದು ತೆಗೆದರಾಯಿತು ಎಂದಿದ್ದ. ನನ್ನ ತಮ್ಮ ಮಣ್ಣು ಪರೀಕ್ಷೆ ಮಾಡೋನು, ಅವನಿಗಿಂತ ನಿನಗೆ ಗೊತ್ತಾ, ಎಂದು ಮಗನ ಬಾಯಿ ಮುಚ್ಚಿಸಿದ್ದಳು. ಆಗ ಇವನು ಅಲ್ಲೇ ಜಗುಲಿಯ ಮೇಲೆ ಕಾಲುಚಾಚಿ ಕೂತಿದ್ದ, ಅವಳ ಮಾತು ಕಿವಿಗೆ ಇಂಪಾಗಿತ್ತು. ಆ ಹೊತ್ತಿಗೆ ಮೂರು ವರ್ಷದ ಕೆಲಸದಲ್ಲಿ ಒಂದು ವರ್ಷವೂ ಮುಗಿದಿರಲಿಲ್ಲ. ಹೂತುಬಿಡಿ, ಮಣ್ಣಾಗುತ್ತೆ, ಎಂದಿದ್ದ. ತಾನೇ ಕಂಡುಹಿಡಿದವನ ಹಾಗೆ.

ಆದರೆ ಮೊದಲಿನಿಂದ ಅವನು ಚೂರು ಆರಿಸುತ್ತಿದ್ದನೇ? ಇಲ್ಲ. ಅದನ್ನು ಅವನು ಬೇಕೆಂದೇ ನೆನಪಿನಿಂದ ಸರಿಸಿಟ್ಟಿದ್ದ. ಮೊದಲ ವರ್ಷದ ಮೊದಲೆರಡು ಕಂತು ಬೇರು ಕಲ್ಲು ಮಾತ್ರ ತೆಗೆದು, ಚೂರು ಸಮೇತವೇ ಕೊಟ್ಟಿದ್ದ. ಆಗ ಮಣ್ಣಾಗುವ ಹಾಳೆಯ ತಾಕುಗಳಲ್ಲಿ ಬೂಷ್ಟಿನ ಜಾತಿಯ ಜೀವಿಗಳು ಉಳಿದ ಕಡೆಗಿಂತ ಮೂರು ಪಾಲು ಬಂದಿದ್ದವು. ಮೂರನೆಯ ಕಂತಿನ ದಿನ ಹೊರಗಿನವರು ನಾಲ್ಕು ಜನ ಬಂದಿದ್ದರು. ಮೇಡಂ ಅವರನ್ನು ಈ ಕೋಣೆಗೇ ಕರೆತಂದರು. ಅವನು ತಟ್ಟೆಯಲ್ಲಿ ಮಣ್ಣು ಹರಡಿಕೊಂಡು ನಿಂತಿದ್ದ. ಅದರಲ್ಲಿ ಚೂರುಗಳು, ಒಂದು ಎಲೆಯ ದಂಟು, ಸತ್ತ ಹುಳವೂ ಒಂದು. ಮೇಡಂ ತಟ್ಟೆಯ ಕಡೆ ನೋಡಿ, ಏನ್ರೀ ಇದು, ಮಣ್ಣು ತಂದಿದ್ದೀರೋ ಕಸ ತಂದಿದ್ದೀರೋ, ಎಂದರು. ಬಂದವರಲ್ಲಿ ಒಬ್ಬ ನಕ್ಕ. ಅವನ ಬೂಟಿನ ಲೇಸು ಒಂದು ಕಡೆ ಬಿಚ್ಚಿಕೊಂಡಿತ್ತು, ಇವನು ಆ ಲೇಸನ್ನೇ ನೋಡುತ್ತ ನಿಂತಿದ್ದ. ಇನ್ನೂ ಆರಿಸಿಲ್ಲ ಮೇಡಂ, ಎಂದ, ಆ ದನಿ ತನ್ನದೇ ಎನ್ನಿಸಲಿಲ್ಲ. ಆವತ್ತು ಊಟದ ಡಬ್ಬಿ ಬಿಚ್ಚಲಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿ ಒಗೆದು ಮಡಚಿಟ್ಟಿದ್ದ ಬಟ್ಟೆಗಳನ್ನು ಮತ್ತೆ ಬಿಚ್ಚಿ ಮಡಚಿದ. ಮಾರನೆಯ ದಿನ ಸ್ವಂತ ದುಡ್ಡಿನಲ್ಲಿ ಚೂಪು ಮೊನೆಯ ಚಿಮಟ ಕೊಂಡು ತಂದ. ಅಲ್ಲಿಂದ ಒಂದು ಚೂರೂ ಒಳಗೆ ಹೋಗಲಿಲ್ಲ, ಅಲ್ಲಿಂದಲೇ ವ್ಯತ್ಯಾಸವೂ ಕಂಡುಬರಲಿಲ್ಲ. ಮೊದಲೆರಡು ಕಂತನ್ನು ಮೇಡಂ ಕೆಂಪು ಶಾಯಿಯಲ್ಲಿ ಸುತ್ತಿ, ಮಾದರಿ ಶುದ್ಧವಿಲ್ಲ ಎಂದು ಬರೆದು ಲೆಕ್ಕದಿಂದ ಕೈಬಿಟ್ಟರು. ಅವರು ಚೂರು ತೆಗೆಯಿರಿ ಎಂದಿದ್ದರೇ? ಅಂದಿರಲಿಲ್ಲ. ಕಸ ಎಂದಿದ್ದರು. ಚೂರನ್ನೇ ಅಂದದ್ದೋ, ಹುಳವನ್ನೋ, ಅವನನ್ನೋ, ಆವತ್ತೂ ಅವನಿಗೆ ತಿಳಿದಿರಲಿಲ್ಲ, ಕೇಳುವಷ್ಟು ಧೈರ್ಯವೂ ಬಂದಿರಲಿಲ್ಲ.

ಕೋಣೆಯಲ್ಲಿ ಕೂರಲಾಗಲಿಲ್ಲ. ಹಿಂದಿನ ಹೊಲಕ್ಕೆ ಹೋದ. ಕಾವಲಿನವನು ನೀರಿನ ಪೈಪಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಇವನನ್ನು ನೋಡಿ, ಏನ್ ಸಾರ್, ಎಲ್ಲಾ ಮುಗೀತಂತೆ, ಎಂದ. ಯಾರು ಹೇಳಿದರು, ಏನು ಮುಗಿಯಿತು ಎಂದು ಕೇಳಹೋಗಿ ಇವನು ತಡೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಆಗಬಾರದು. ಕಾವಲಿನವನಿಗೆ ಕೆಲಸ ಮುಗಿದದ್ದಷ್ಟೇ ಗೊತ್ತು. ಮಣ್ಣಾಗುವ ಹಾಳೆ ಉತ್ತಿದ್ದ ಏಳನೆಯ ತಾಕಿನ ಏರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಗೈಯಗಲ ಮಣ್ಣು ಬಗೆದ. ಒಂದು ಚೂರು ಸಿಕ್ಕಿತು. ಅಂಚು ಸವೆದು ಜಾಲರಿಯ ಹಾಗಾಗಿತ್ತು. ಸಣ್ಣ ಬೇರೊಂದು ಅದನ್ನು ತೂರಿಕೊಂಡು ಆಚೆ ಹೋಗಿತ್ತು, ಬೇರಿನ ಸುತ್ತ ಬಿಳಿಯ ಎಳೆಗಳು. ಬೇರು ಅದನ್ನು ಅಪ್ಪಿಕೊಂಡಿದೆಯೋ, ಅದು ಬೇರನ್ನು ಉಸಿರು ಕಟ್ಟಿಸಿದೆಯೋ, ನೋಡಿದಷ್ಟಕ್ಕೆ ಹೇಳುವಂತಿರಲಿಲ್ಲ. ಇದು ಒಳ್ಳೆಯದೆನ್ನಬೇಕೋ? ಮಣ್ಣಿನಲ್ಲಿ ಜೀವ ಜಾಸ್ತಿಯಾದರೆ ಒಳ್ಳೆಯದೇ ತಾನೇ. ಆದರೆ ಅಕ್ಕನ ಗಿಡ ಹಳದಿಯಾದದ್ದು? ಜಾಸ್ತಿಯಾದದ್ದಕ್ಕೋ, ಬೇರೆ ಯಾತಕ್ಕೋ? ಚೂರನ್ನು ಇದ್ದಲ್ಲೇ ಬಿಟ್ಟು ಮಣ್ಣು ಮುಚ್ಚಬೇಕು ಎಂದುಕೊಂಡ. ಎದ್ದು ನಿಂತಾಗ ಅದು ಅವನ ಹೆಬ್ಬೆರಳು ತೋರುಬೆರಳಿನ ನಡುವೆ ಇತ್ತು. ಅವನು ನಿಜಕ್ಕೂ ಹೆದರಿದ. ತನ್ನ ಕೈ ತನ್ನನ್ನು ಕೇಳದೆಯೇ ಕೆಲಸ ಮಾಡುತ್ತಿದೆ ಎಂದರೆ, ಇಷ್ಟು ವರ್ಷ ಇನ್ನೇನೇನು ತೆಗೆದು ಎಸೆದಿದೆಯೋ.

ಎರಡೂಕಾಲಕ್ಕೆ ಬಾಟಲಿಗಳನ್ನೂ ಕಾಗದವನ್ನೂ ಹಿಡಿದು ಮೇಡಂ ಕೋಣೆಗೆ ಹೋದ. ಹೋಗುವ ತೀರ್ಮಾನ ಯಾವಾಗ ಮಾಡಿದನೆಂದು ಅವನಿಗೇ ತಿಳಿಯದು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನಂತೆ ಬೆಳಗಿನಿಂದ ತಿರುಗಿದ್ದ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೇಡಂ ಅವನಿಗಿಂತ ಹತ್ತು ವರ್ಷ ಚಿಕ್ಕವರು. ನಿಂತುಕೊಂಡೇ ಒಂದು ಸೇಬು ತಿನ್ನುತ್ತ ವರದಿಯ ಪುಟ ತಿರುವುತ್ತಿದ್ದರು. ಸಹಿ ಆಯ್ತಾ, ಎಂದು ಕೈ ಚಾಚಿದರು. ಅವನು ಕಾಗದದ ಬದಲು ಬಾಟಲಿಗಳನ್ನು ಮೇಜಿನ ಮೇಲಿಟ್ಟ.

"ಏನಿದು?"

"ಆರಿಸಿದ ಚೂರು ಮೇಡಂ. ತಾಕಿನ ಮಣ್ಣಿಂದ. ಜರಡಿ ಹಿಡಿಯೋ ಮುಂಚೆ ಎಲ್ಲಾ ತೆಗೀತಿದ್ದೆ."

"ಎಲ್ಲಾ ಅಂದ್ರೆ?"

"ಒಂದೂ ಬಿಟ್ಟಿಲ್ಲ."

ಮೇಡಂ ಸೇಬನ್ನು ಕಾಗದದ ಮೇಲಿಟ್ಟರು. ಎರಡನೆಯ ಬಾಟಲಿಯ ಮುಚ್ಚಳ ತೆಗೆದರು. ಮೂಸಿದರು. ಮತ್ತೊಮ್ಮೆ, ಕಣ್ಣು ಮುಚ್ಚಿಕೊಂಡು ಮೂಸಿದರು. 

"ಯಾವಾಗಿಂದ?"

"ಮೂರನೇ ಕಂತಿಂದ. ನೀವು ಅವತ್ತು ಅಂದ್ರಲ್ಲ ಮೇಡಂ, ಮಣ್ಣು ತಂದಿದ್ದೀರೋ ಕಸ ತಂದಿದ್ದೀರೋ ಅಂತ. ಹೊರಗಿನವರು ಬಂದಿದ್ದಾಗ."

"ನಾನಾ? ನಾನು ಹಾಗಂದ್ನಾ?" ಅವರ ಮುಖದಲ್ಲಿ ನಾಟಕವಿರಲಿಲ್ಲ. ಹುಬ್ಬು ಗಂಟುಹಾಕಿ ನಿಜವಾಗಿಯೂ ಹುಡುಕುತ್ತಿದ್ದರು. "ಯಾರು ಬಂದಿದ್ರು? ನನಗೆ ನೆನಪೇ ಇಲ್ವಲ್ಲ."

ಬಿಚ್ಚಿಕೊಂಡಿದ್ದ ಬೂಟಿನ ಲೇಸಿನ ಗುರುತು ಹೇಳಹೋಗಿ ಅವನು ಬಿಟ್ಟ.  ಮೂರು ವರ್ಷ ದಿನಬೆಳಗಾದರೆ ಹೊತ್ತುಕೊಂಡು ತಿರುಗಿದ ಮಾತು ಅದು, ಆಡಿದವರು ಆಡಿ ಅಲ್ಲೇ ಬಿಟ್ಟು ಹೋಗಿದ್ದರು. ಅವಮಾನ ಎರಡನೆಯ ಸಲ ಆಯಿತು, ಈ ಸಲ ಯಾರೂ ನಗದೆಯೇ ಆಯಿತು. ಅಷ್ಟಾಗಿಯೂ ಅವನು ಕೇಳಬೇಕಾದದ್ದನ್ನು ಕೇಳಿದ.

"ಇದು ಒಳ್ಳೇದಾ ಮೇಡಂ, ಕೆಟ್ಟದ್ದಾ? ನಮ್ಮಕ್ಕನ ಹೊಲದಲ್ಲಿ ಹಾಳೆ ಉತ್ತ ಕಡೆಯೆಲ್ಲ ಗಿಡ ಹಳದಿ ಆಗಿದ್ವು."

"ಗೊತ್ತಿಲ್ಲ ಕಣ್ರೀ." ಅವರು ಕುರ್ಚಿಯಲ್ಲಿ ಕೂತರು. "ಹಾಳೆ ತಿನ್ನೋಕೆ ಅವಕ್ಕೆ ಸಾರಜನಕ ಬೇಕು. ಗಿಡದ ಪಾಲಿಂದಾನೇ ಎಳ್ಕೊಂಡಿರಬಹುದು. ಎಳ್ಕೊಳ್ಳದೇನೂ ಇರಬಹುದು. ಒಂದು ಬೆಳೆ ಆದ್ಮೇಲೆ ವಾಪಸ್ ಕೊಡಲೂಬಹುದು. ನೋಡಬೇಕಿತ್ತು. ಮೂರು ವರ್ಷ ರೀ, ನಾವು ನೋಡೇ ಇಲ್ಲ."

ಅವರ ಬಾಯಿಂದ ಗೊತ್ತಿಲ್ಲ ಎಂಬ ಮಾತನ್ನು ಅವನು ಕೇಳಿದ್ದು ಅದೇ ಮೊದಲು.  ಸಹಿ ಏನು ಮಾಡಲಿ, ಎಂದ. ಅವರು ಸಿಟ್ಟಿನಿಂದಲೋ ಸುಸ್ತಿನಿಂದಲೋ, "ಹಾಕಿ ಬಿಡಿ ಅಂತ ನಾನು ಹೇಳಲ್ಲ. ನಾನು ಹೇಳಿದ್ದು ಅಂತ ಮಾಡಿ ಮಾಡೇ ಇಷ್ಟಾಗಿದ್ದು," ಎಂದು ಗೋಡೆಯ ಕಡೆ ತಿರುಗಿದರು. ಅವನು ಮೇಜಿನ ಮೂಲೆಯಲ್ಲಿ ಬಗ್ಗಿ ನಿಂತು, ಟೈಪಾಗಿದ್ದ ಸಾಲಿನ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದ: ಮೂರನೇ ಕಂತಿನಿಂದ ಹಾಳೆಯ ಚೂರುಗಳನ್ನೆಲ್ಲ ನಾನು ಆರಿಸಿ ತೆಗೆದಿದ್ದೇನೆ. ಅದರ ಕೆಳಗೆ ಸಹಿ ಹಾಕಿದ. ಮೇಡಂ ಓದಿದರು. ವರದಿಯ ಮೇಲೆ ಅದನ್ನಿಟ್ಟು, ಅದರ ಮೇಲೆ ಬಾಟಲಿ ಇಟ್ಟರು. ನೀವು ಊಟ ಮಾಡಿದ್ರಾ, ಎಂದು ಕೇಳಿದರು, ಉತ್ತರಕ್ಕೆ ಕಾಯದೆ ಫೋನು ಎತ್ತಿಕೊಂಡರು. ಎದೆ ಹಗುರಾಗುತ್ತದೆ ಎಂದು ಅವನು ಎಣಿಸಿದ್ದ. ನಡುಕೋಣೆ ದಾಟಿ, ಮೆಟ್ಟಿಲಿಳಿದು, ಹೊರಗಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡರೂ ಹಗುರಾಗಲಿಲ್ಲ. ತಾನು ಮಾಡಿದ್ದು ಸರಿಯೋ, ಇನ್ನೊಬ್ಬರ ಮೂರು ವರ್ಷವನ್ನೂ ಸೇರಿಸಿ ಮುಳುಗಿಸಿದೆನೋ ಎಂದು ಹೊಸದೊಂದು ಗೋಜಲು ಸೇರಿಕೊಂಡಿತು.

ನಲ್ಲಿಯ ಪಕ್ಕದಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದ. ಮೂರಾಗಲು ಐದು ನಿಮಿಷವಿತ್ತು.

"ಹೇಳು," ಎಂದಳು ಅಕ್ಕ.

"ಗೊತ್ತಿಲ್ಲ ಅಕ್ಕ."

"ಏನು ಗೊತ್ತಿಲ್ಲ?"

"ಹಾಳೆಯಿಂದ ಹಳದಿ ಆಯ್ತೋ ಇಲ್ವೋ ಗೊತ್ತಿಲ್ಲ. ಆಗಿರಬಹುದು. ನೀರು ಅಂತ ಸುಮ್ನೆ ಅಂದಿದ್ದೆ. ನಮ್ಮ ಲೆಕ್ಕ ಸರಿಯಿಲ್ಲ. ತಪ್ಪು ನನ್ನದೇ."

 ಬೈಯಲಿ ಎಂದು ಅವನು ಕಾದ. "ಗೊತ್ತಿಲ್ಲ ಅನ್ನೋಕೆ ಇಷ್ಟು ದಿನ ಬೇಕಾಯ್ತಾ ನಿನಗೆ," ಎಂದಳು ಅಕ್ಕ, ಬೈಗುಳದ ದನಿಯಲ್ಲಲ್ಲ. "ಗಾಡಿಯವನಿಗೆ ಬೇಡ ಅಂತೀನಿ ಹಾಗಾದ್ರೆ. ಕಳೆ ಕಿತ್ಕೊಂಡು ಸಾಯ್ತೀವಿ, ಇನ್ನೇನು."

"ಇನ್ನೊಂದು ಮಾತು. ಹೊಲದಲ್ಲಿ ಹಳೇ ಚೂರು ಇವೆಯಲ್ಲ, ಅವನ್ನ ಮುಟ್ಟಬೇಡ. ಹೇಗಿವೆಯೋ ಹಾಗೇ ಇರ್ಲಿ. ಭಾನುವಾರ ಬಂದು ಆ ಹಳದಿ ಜಾಗದ ಮಣ್ಣನ್ನ ಚೂರು ಸಮೇತ ತಗೊಂಡು ಹೋಗ್ತೀನಿ. ಅದೊಂದು ಇದ್ರೆ ಏನಾದ್ರೂ ತಿಳಿಯುತ್ತೆ."

"ಆರಿಸಿ ಆಯ್ತಲ್ಲೋ."

"ಏನು?"

"ಚೂರು. ಮೂರು ದಿನದಿಂದ ಅದೇ ಕೆಲಸ, ನನಗೂ ಸೊಸೆಗೂ. ಸೊಂಟ ಬಿದ್ದುಹೋಯ್ತು. ಒಂದೂ ಬಿಟ್ಟಿಲ್ಲ."

"ಯಾಕೆ ಅಕ್ಕ?"

"ಯಾಕೆ ಅಂದ್ರೆ? ನೀನು ಬರ್ತೀಯಲ್ಲ. ಹೋದ ಸಲ ಬಂದಾಗ ಬದುವಿನ ಮೇಲೆ ನಿಂತ್ಕೊಂಡು, ಅಕ್ಕ ಇದು ಹೊಲಾನೋ ತಿಪ್ಪೇನೋ ಅಂದೆ. ಕೆಲಸದವರೆಲ್ಲ ಇದ್ರು. ಸೊಸೆ ಇದ್ಲು. ಅವಳು ನಕ್ಕುಬಿಟ್ಲು."

ಅವನು ನೆನಪು ಮಾಡಿಕೊಳ್ಳಲು ನೋಡಿದ. ಬದು ನೆನಪಿತ್ತು. ಬಿಸಿಲಿತ್ತು, ಅಕ್ಕ ಮಣ್ಣುಕೈಯನ್ನು ಸೆರಗಿಗೆ ಒರೆಸಿಕೊಂಡು ನೀರಿನ ಚೊಂಬು ತಂದುಕೊಟ್ಟಿದ್ದು ನೆನಪಿತ್ತು. ನೀರು ತಣ್ಣಗಿತ್ತು. ಆ ಮಾತು ಎಲ್ಲೂ ಸಿಗಲಿಲ್ಲ. ಇನ್ನೊಮ್ಮೆ ಬದುವಿನಿಂದ ಶುರುಮಾಡಿ ಚೊಂಬಿನವರೆಗೂ ಬಂದ. ಸಿಗಲಿಲ್ಲ.

"ನಾನು ಹಾಗಂದ್ನಾ?" ಎಂದು ಕೇಳಿದ.

"ಬಿಡು, ನಿನಗೆಲ್ಲಿ ನೆನಪಿರುತ್ತೆ," ಎಂದಳು ಅಕ್ಕ. "ಎಲ್ಲಾ ಒಂದು ಚೀಲಕ್ಕೆ ತುಂಬಿ ಇಟ್ಟಿದ್ದೀನಿ. ಸುಡೋದೋ, ಇಡೋದೋ? ಅದನ್ನಾದ್ರೂ ಹೇಳ್ತೀಯಾ?"

ನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ತಿರುಗಿಸಿದ, ನಿಲ್ಲಲಿಲ್ಲ.

"ಇಟ್ಟಿರು ಅಕ್ಕ," ಎಂದ. "ಚೀಲದ ಬಾಯಿ ಕಟ್ಟಬೇಡ, ಕಟ್ಟಿದ್ರೆ ಒಳಗೇ ಬೂಷ್ಟು ಹಿಡಿಯುತ್ತೆ. ಇವತ್ತೇ ಬರ್ತೀನಿ."